ಆಟವನ್ನು ಇನ್ನೊಮ್ಮೆ ಮುಂದೂಡಬೇಕೆಂದು ಕೋರಿ

ದೇವಳಾಲಿ ಕ್ಯಾಂಪ್
ಭಾನುವಾರ, ೮ ಡಿಸೆಂಬರ್ ೨೦೧೩, ಸಂಜೆ ಆರೂವರೆ

ನಾಸಿಕದ ವಿಡಿಯೋ ಗೇಮ್ ಅಂಗಡಿಯಲ್ಲಿ ಮುಂಗಡ ಗಿರಾಕಿಗಳಿಗೆ ಮೊಬೈಲ್ ಸಂದೇಶ ಕಳಿಸುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು, ತಮಗೆ ಕರೆಂಟು ತಪ್ಪದೆ ಸಿಗುತ್ತಿದೆಯೆಂದು ನಂಬಿದ್ದೇನೆ. ಇವತ್ತು ನನ್ನ ಅಂಗಡಿಯಲ್ಲಿ ಸಿಪಾಯಿಗಳಿಗೆ ಎಂಟು ಡಬ್ಬಿ ಬೂಟು ಪಾಲಿಶು, ಒಂದು ಹಿಡಿ ಹಿತ್ತಾಳೆ ಗುಂಡಿ ಮಾರಿದೆ. ಭಾನುವಾರ ಕ್ಯಾಂಪಿನ ಫಿರಂಗಿಗಳಿಗೂ ರಜೆಯಾದ್ದರಿಂದ ನನ್ನ ಗಾಜಿನ ಕಪಾಟು ನಡುಗಲಿಲ್ಲ. ನಾಲ್ಕು ಗಂಟೆಗೆ ತಮ್ಮ ಸಂದೇಶ ಬಂತು: "ಪ್ರಿಯ ಸುಗುಣಾ ಜೀ, ನಿಮ್ಮ ಆಟ ಬಂದು ಕಾಯುತ್ತಿದೆ. ನಾಳೆ ಕೊನೆಯ ದಿನ." ಅದರ ವಿರುದ್ಧವೇ ಈ ದೂರು. ತಮ್ಮ ನಂಬರಿಗೆ ಉತ್ತರ ಬರೆದರೆ ಹೋಗುವುದಿಲ್ಲವೆಂದು ಹನ್ನೊಂದು ಸಲ ಬರೆದ ಮೇಲೆ ತಿಳಿದದ್ದರಿಂದ, ಹೀಗೆ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಸುಗುಣಾ ನನ್ನ ಹೆಂಡತಿ. ಕ್ಯಾಂಪಿನ ಕಚೇರಿಯಲ್ಲಿ ಗುಮಾಸ್ತೆ. ಜೀವನದಲ್ಲಿ ಸೈಕಲ್ಲನ್ನೂ ಹೊಡೆಯದವಳು ಐವತ್ತನೆಯ ವಯಸ್ಸಿನಲ್ಲಿ ಟಿ.ವಿ. ಮುಂದೆ ಕೂತು ಲಾರಿ ಹೊಡೆಯಲು ಕಲಿತಳು, ಕಂಡ ಕಂಬಕ್ಕೆಲ್ಲ ಗುದ್ದಿ ನಗುತ್ತಿದ್ದಳು. ಘಟ್ಟದ ರಸ್ತೆಗಳಿರುವ ಹೊಸ ಲಾರಿ ಆಟ ಬರುತ್ತದೆಂದೂ, ಮುಂಗಡ ಕೊಟ್ಟವರಿಗೆ ಬೇಕಾದ ನಂಬರ್ ಪ್ಲೇಟು ಸಿಗುತ್ತದೆಂದೂ ತಾವು ತಿಳಿಸಿದ ದಿನವೇ ಓಡಿಹೋಗಿ ಬುಕ್ ಮಾಡಿ ಬಂದಳು. ತವರು ಬೀದರಿನ ಕೆಎ ೩೮ ಬರೆಸಿದಳು.

ನಾನು ವ್ಯಾಪಾರಿ. ದಿಂಡೋರಿಯಲ್ಲಿ ದ್ರಾಕ್ಷಿ ಸಗಟು ಕೊಳ್ಳುವವನೂ ಮೊದಲು ತೋಟಕ್ಕೆ ಹೋಗಿ ಗೊಂಚಲು ಎತ್ತಿ ನೋಡುತ್ತಾನೆ, ಕಣ್ಣಿಗೆ ಕಾಣದ ಮಾಲಿಗೆ ಯಾರಾದರೂ ಮೊದಲೇ ದುಡ್ಡು ಕೊಡುತ್ತಾರೆಯೇ ಎಂದೆ. "ಅಂಗಡಿ ಶಾಣ್ಯಾತನ ಅಂಗಡ್ಯಾಗ ಇಡ್ರಿ. ಹಾದಿ ಕಾಯೂದರಾಗ ಅರ್ಧಾ ಆಟ ಐತಿ," ಎಂದಳು.

ಆ ಅರ್ಧ ಆಟವನ್ನು ತಾವು ಧಾರಾಳವಾಗಿ ಆಡಿಸಿದಿರಿ. ಯುಗಾದಿಗೆ ಎಂದವರು ಜೂನ್ ಎಂದಿರಿ, ಜೂನಿನಲ್ಲಿ ಗಣೇಶ ಚೌತಿ ಎಂದಿರಿ. ಪ್ರತಿ ಸಲವೂ ಆಟವನ್ನು ಇನ್ನಷ್ಟು ಚಂದ ಮಾಡುತ್ತಿದ್ದೇವೆ ಎಂಬ ಸಮಾಧಾನ ಬೇರೆ. ಅವಳು ಓದಿ ನಕ್ಕು, "ಲಾರಿಗೆ ಬಣ್ಣಾ ಹಚ್ಚಾಕತ್ತಾರ, ಕಾಣತದ," ಎನ್ನುತ್ತಿದ್ದಳು. ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟಳು. ಹದಿಮೂರನೆಯ ದಿನ ಅವಳ ಫೋನಿಗೆ ತಮ್ಮ ಸಂದೇಶ ಬಂತು: "ಪ್ರಿಯ ಸುಗುಣಾ ಜೀ, ದಸರೆಯವರೆಗೆ ದಯವಿಟ್ಟು ಕಾಯಿರಿ."

ಮಾನ್ಯರೇ, ಅಂದಿನಿಂದ ಅವಳ ಹೆಸರು ಹಿಡಿದು ಕರೆಯುವವರು ತಾವೊಬ್ಬರೇ. ಪಕ್ಕದ ಮನೆಯವರು ಮಾತು ಅವಳತ್ತ ಬಂದರೆ ಹವಾಮಾನಕ್ಕೆ ಜಿಗಿಯುತ್ತಾರೆ. ಔರಂಗಾಬಾದದಿಂದ ತಮ್ಮನ ಹೆಂಡತಿ ಭುವನೇಶ್ವರಿ ಫೋನ್ ಮಾಡಿ, "ಅವರು ಹೋದಮ್ಯಾಲೆ ಊಟದ್ದು ಹ್ಯಾಂಗ ಮಾಡ್ಕೋತೀರಿ, ಭಾವಾ?" ಎಂದು ಕೇಳುತ್ತಾಳೆ, ಹೆಸರು ನಾಲಿಗೆಗೆ ಬರುವುದಿಲ್ಲ. ತಾವು ಮಾತ್ರ ಹಿಂಜರಿಯದೆ ಪ್ರಿಯ ಎನ್ನುತ್ತೀರಿ, ಜೀ ಎನ್ನುತ್ತೀರಿ, ತಡವಾದದ್ದಕ್ಕೆ ಅವಳಲ್ಲಿ ಕ್ಷಮೆಯನ್ನೂ ಕೇಳುತ್ತೀರಿ. ಇಷ್ಟು ಸೌಜನ್ಯ ನಮ್ಮ ನೆಂಟರಲ್ಲಿಲ್ಲ.

ಇಂಥ ತಾವು, ದಸರೆ ದೀಪಾವಳಿ ಎರಡನ್ನೂ ದಾಟಿಸಿ, ಏಕಾಏಕಿ ಆಟವನ್ನು ಬಿಡುಗಡೆ ಮಾಡಿಬಿಡುವುದೇ? ಆಟ ಬಂತೆಂಬ ತಮ್ಮ ಮೊದಲ ಸಂದೇಶ ಕಂಡು ಕಳೆದ ಸೋಮವಾರ ನೋಡಿ ಬರಲು ಹೋಗಿದ್ದೆ. ಮುಗಿದುಹೋಗುತ್ತದೆ, ಬೇಗ ಬುಕ್ ಮಾಡಿ ಎಂದು ತಾವು ಹೆದರಿಸಿದ್ದ ಆಟದ ಡಬ್ಬಿಗಳು ಛಾವಣಿ ಮುಟ್ಟಿದ್ದವು. ಬುಕ್ ಮಾಡದೆ ಆಗಷ್ಟೇ ಬಂದವನೊಬ್ಬ ಒಂದನ್ನು ಎತ್ತಿಕೊಂಡ, ಮೇಲೊಂದು ಕೀಚೈನನ್ನೂ ಪಡೆದ. ಮುಂಗಡದವರಿಗೆ ಕೀಚೈನು ಇಲ್ಲವಂತೆ. ಕೌಂಟರಿನ ಉತ್ಕರ್ಷ ಎಂಬವರು ಬಹಳ ಮರ್ಯಾದಸ್ಥರು. ಬುಕ್ ಮಾಡಲು ಹೆಸರು ಮತ್ತು ಫೋನ್ ನಂಬರ್ ಸಾಕು, ಒಯ್ಯಲು ಮಾತ್ರ ಬುಕ್ ಮಾಡಿದವರೇ ಬರಬೇಕೆಂದು ವಿವರಿಸಿ, "ಕಾಕಾ, ಮ್ಯಾಡಮನಾ ಪಾಠವಾ ನಾ," ಮೇಡಮ್ಮನ್ನೇ ಕಳಿಸಿಕೊಡಿ ಎಂದರು. ಆಗಲಿ ಎಂದು ಬಂದೆ.

ಆದ್ದರಿಂದ ನನ್ನ ವಿನಂತಿ ಇಷ್ಟೇ: ಮಾರಿದ ಡಬ್ಬಿಗಳನ್ನೆಲ್ಲ ವಾಪಸು ತರಿಸಿಕೊಂಡು, ಲಾರಿಗೆ ಇನ್ನೊಂದು ಸುತ್ತು ಬಣ್ಣ ಹಚ್ಚಿ, ಬರುವ ಯುಗಾದಿಗೆ ಎಂದು ಮತ್ತೊಮ್ಮೆ ತಿಳಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಯಂತ್ರವಾದ ತಾವು ಹೊತ್ತಿಗೆ ಸರಿಯಾಗಿ ಕೆಡುವುದನ್ನಾದರೂ ಕಲಿಯಬೇಕು.

ತಮ್ಮ ತಡಗಳಿಗೆ ಸದಾ ಋಣಿಯಾದ ವಿಶ್ವಾಸಿ,
ವಿಶ್ವನಾಥಪ್ಪ

ಮರೆತ ಮಾತು: ಕನ್ನಡಕ ಹಾಕಿಕೊಂಡು ಈಗ ತಮ್ಮ ಸಂದೇಶದ ಕೊನೆಯ ಸಾಲು ಓದಿದೆ. ಇದೇ ಆಟದ ಎರಡನೆಯ ಭಾಗಕ್ಕೆ ನಾಳೆಯಿಂದ ಮುಂಗಡವಂತೆ, ಬಿಡುಗಡೆಯ ದಿನ ಇನ್ನೂ ಗೊತ್ತಿಲ್ಲವಂತೆ. ಬಂದಿರುವ ಡಬ್ಬಿಯನ್ನು ಯಾರಿಗಾದರೂ ಕೊಟ್ಟುಬಿಡಿ, ಕೀಚೈನಿನ ಜೊತೆಗೆ. ಬರದಿರುವುದನ್ನು ಸುಗುಣಾಳ ಹೆಸರಿನಲ್ಲಿ, ಕೆಎ ೩೮ರ ಸಮೇತ ಬರೆಸುತ್ತೇನೆ. ತಡಮಾಡುವುದರಲ್ಲಿ ತಮ್ಮ ಮೇಲೆ ನನಗೆ ಪೂರ್ಣ ಭರವಸೆಯಿದೆ. ನಾಳೆ ಸೋಮವಾರ, ನನ್ನ ಅಂಗಡಿಗೆ ರಜೆ; ನಾಸಿಕದ ಬಸ್ಸು ಒಂಬತ್ತೂವರೆಗೆ.