ತುಂಗಭದ್ರೆಗೆ ಹಡಗು ಕರೆದದ್ದು

ಹಡಗಿನಲ್ಲಿ ಆಸ್ಪತ್ರೆ ಇರುತ್ತದೆ ಎಂದು ನಮ್ಮ ಕಡೆಯವರನ್ನು ನಂಬಿಸುವುದಕ್ಕಿಂತ ಆ ಹಡಗನ್ನೇ ಊರಿಗೆ ಎಳೆದು ತರುವುದು ಸುಲಭ. ಎಂಬತ್ತರ ದಶಕದಲ್ಲಿ ನಾನು ನೌಕಾಪಡೆಯ ಹಡಗೊಂದರ ಆಸ್ಪತ್ರೆಯಲ್ಲಿ ಕಂಪೌಂಡರನ ಕೆಲಸದಲ್ಲಿದ್ದೆ. ರಜೆಗೆ ಬಂದಾಗಲೆಲ್ಲ ಒಂದಿಲ್ಲೊಂದು ನಡೆದು ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಮೆಣಸಿನಕಾಯಿ ಅಂಗಡಿ

ಬ್ಯಾಡಗಿಯಲ್ಲಿ ನನ್ನ ಸೋದರಮಾವನದು ಮೆಣಸಿನಕಾಯಿ ಅಂಗಡಿ. ಅಳಿಯ ಸಮುದ್ರದ ಡಾಕ್ಟರ ಎಂದು ಅವನು ಡಂಗುರ ಹೊಡೆದದ್ದೇ ತಡ, ಹಮಾಲರೆಲ್ಲ ಸಾಲುಗಟ್ಟಿದರು. ನಾನು ಡಾಕ್ಟರನಲ್ಲ ಎಂದರೆ ಕೇಳುವವರಾರು? ಎಲ್ಲರಿಗೂ ಒಂದೇ ಬೇನೆ, ಕೆಮ್ಮು ಮತ್ತು ಸೀನು. ಘಾಟಿನಿಂದ ದೂರ ಇರಿ, ಮುಖಕ್ಕೆ ವಸ್ತ್ರ ಕಟ್ಟಿಕೊಳ್ಳಿ ಎಂದೆ. ಮಾವನಿಗೆ ಸಿಟ್ಟು ಬಂತು.

"ಇದನ್ನ ಹೇಳಾಕ ಸಮುದ್ರಕ್ಕ ಹೋಗಬೇಕಿತ್ತೇನೋ? ನಮ್ಮ ಬೆಕ್ಕಿಗೂ ಗೊತ್ತೈತಿ, ಅಂಗಡಿ ಒಳಗ ಬರಂಗಿಲ್ಲ ಅದು."

ದ್ವೀಪದ ಅಜ್ಜಿ

ನಮ್ಮ ಹಡಗು ದ್ವೀಪದಿಂದ ದ್ವೀಪಕ್ಕೆ ಹೋಗಿ ಪುಕ್ಕಟೆ ಚಿಕಿತ್ಸೆ ಕೊಡುತ್ತಿತ್ತು. ಒಬ್ಬ ಅಜ್ಜಿಯ ಕಣ್ಣಿನ ಪೊರೆ ತೆಗೆದರು. ಮೂರು ದಿನ ಅವಳಿಗೆ ಗಂಜಿ ಕುಡಿಸಿದವನು ನಾನು. ಪಟ್ಟಿ ಬಿಚ್ಚಿದ ಕೂಡಲೇ ನನ್ನನ್ನು ದಿಟ್ಟಿಸಿ ಏನೋ ಅಂದಳು. ಹರಸಿರಬೇಕೆಂದು ಕೈಮುಗಿದೆ. ಮೊಮ್ಮಗಳು ಹಿಂದಿಯಲ್ಲಿ ಅರ್ಥ ಹೇಳಿದಳು: ಗಂಜಿಗೆ ಉಪ್ಪು ಹಾಕದವನು ಇವನೇ ಏನು ಎಂದು ಅಜ್ಜಿ ಕೇಳುತ್ತಿದ್ದಾಳೆ.

ಗುರುವಾರದ ಡಾಕ್ಟರು

ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಒಂದು ತಾಸು ದೂರದ ನಮ್ಮೂರಿನಲ್ಲಿ ನನ್ನ ಅವ್ವನಿಗೂ ಅದೇ ಪೊರೆ. ಗೋಡೆ ಹಿಡಿದು ನಡೆಯುತ್ತಿದ್ದಳು. ಆ ಸಲ ನನಗೆ ಎರಡು ತಿಂಗಳ ರಜೆ. ಆಪರೇಶನ್ನಿಗೆ ಊರಿನ ಸರ್ಕಾರಿ ಡಾಕ್ಟರ ಚೀಟಿ ಬೇಕು, ಅವರು ಗುರುವಾರ ಬರುತ್ತಾರೆಂದು ಬೋರ್ಡಿತ್ತು. ನಾಲ್ಕು ಗುರುವಾರ ಅವ್ವ ಇಳಕಲ್ ಸೀರೆ ಉಟ್ಟು ದವಾಖಾನೆ ಕಟ್ಟೆ ಮೇಲೆ ಕುಳಿತಳು. ನಾಲ್ಕು ಸಲವೂ ಜವಾನ, ಸಾಹೇಬರು ಹಾವೇರಿಗೆ ಮೀಟಿಂಗಿಗೆ ಹೋಗಿದ್ದಾರೆ ಎಂದ. ನನ್ನ ಮೈಯೆಲ್ಲ ಉರಿಯಿತು. ನಾವು ಡಾಕ್ಟರರನ್ನು ಸಮುದ್ರ ದಾಟಿಸುತ್ತೇವೆ, ಇವರಿಗೆ ಒಂದು ಬಸ್ಸು ಹತ್ತಲು ಆಗುವುದಿಲ್ಲವಲ್ಲ ಎಂದು ಅಲ್ಲೇ ನಿಂತು ಕೂಗಾಡಿದೆ.

ಕೇಳಿಸಿಕೊಂಡ ಪಂಚಾಯ್ತಿ ಚೇರಮನ್ನರು ನೌಕಾಪಡೆಗೇ ಅರ್ಜಿ ಬರೆದರು: ಮಳೆಗಾಲದಲ್ಲಿ ತುಂಗಭದ್ರೆ ತುಂಬಿರುತ್ತದೆ, ಹಡಗನ್ನು ಹೊಳೆದಂಡೆಯ ಗಳಗನಾಥದಲ್ಲಿ ನಿಲ್ಲಿಸಬಹುದು, ಊಟದ ವ್ಯವಸ್ಥೆ ನಮ್ಮದು. ನಡುವೆ ಡ್ಯಾಮ್ ಇದೆಯಲ್ಲ ಎಂದೆ.

"ಡ್ಯಾಮಿನವ್ರಿಗೂ ಒಂದು ಅರ್ಜಿ ಹಾಕೂಣು ತಗೋ," ಎಂದರು.

ಮೂರು ವಾರಕ್ಕೆ ಲಂಗರಿನ ಮುದ್ರೆಯ ಲಕೋಟೆ ಬಂತು. ಹಡಗು ನದಿಗೆ ಬರಲಾಗದು, ಹತ್ತಿರದ ದವಾಖಾನೆಗೆ ತೋರಿಸಿ ಎಂದಿತ್ತು. ಆದರೆ ಲಕೋಟೆ ಒಡೆಯುವ ಮೊದಲೇ, ನೌಕಾಪಡೆಯವರು ದವಾಖಾನೆಯ ತಪಾಸಣೆಗೆ ಬರುತ್ತಾರೆಂದು ಟಪಾಲಿನವನು ಸುದ್ದಿ ಹಬ್ಬಿಸಿದ್ದ. ಮರು ಗುರುವಾರ ಬೆಳಿಗ್ಗೆ ಏಳಕ್ಕೇ ಡಾಕ್ಟರು ಹಾಜರು. ಚೀಟಿ ಬರೆದದ್ದಷ್ಟೇ ಅಲ್ಲ, ಅವ್ವನನ್ನು ತಮ್ಮ ಜೀಪಿನಲ್ಲೇ ರಾಣೆಬೆನ್ನೂರಿಗೆ ಒಯ್ದು ಆಪರೇಶನ್ ಮಾಡಿಸಿದರು.

ಪಟ್ಟಿ ಬಿಚ್ಚಿದ ದಿನವೂ ಎದುರಿಗೇ ನಿಂತಿದ್ದರು. ಅವ್ವ ಅವರನ್ನು ಬಹಳ ಹೊತ್ತು ನೋಡಿ, ಇವರು ಹಡಗಿನ ಡಾಕ್ಟರೇನು ಎಂದು ಕೇಳಿದಳು. ಅಲ್ಲ, ಐದು ವರ್ಷದಿಂದ ನಮ್ಮೂರಿನ ದವಾಖಾನೆಗೇ ನೇಮಕವಾಗಿರುವ ಡಾಕ್ಟರು ಎಂದೆ.

"ಹೌದಾ? ಕಣ್ಣು ಚಲೋ ಇದ್ದಾಗೂ ಇವರ್ನ ನಾ ನೋಡಿಲ್ಲಲ್ಲೋ."