ನಲವತ್ತೊಂದು ತಟ್ಟೆಗಳ ತದ್ರೂಪು

ನಮ್ಮ ಬಟ್ಟೆ ಕಪಾಟಿನ ಕೆಳಗಿನ ಖಾನೆಯಲ್ಲಿ ನಲವತ್ತೊಂದು ಸಿ.ಡಿ., ಡಿ.ವಿ.ಡಿ.ಗಳಿದ್ದವು. "ಆ ತಟ್ಟೆಗಳನ್ನ ಎತ್ತಿದ್ರೆ ನನ್ನ ಹೊದಿಕೆಗಳಿಗೆ ಜಾಗ ಆಗುತ್ತೆ" ಎಂದು ಹೆಂಡತಿ ಆರು ವರ್ಷದಿಂದ ಹೇಳುತ್ತಿದ್ದಳು. ಕೊನೆಗೆ ನನಗೊಂದು ಮಹಾಯೋಜನೆ ಹೊಳೆಯಿತು: ಎಲ್ಲವನ್ನೂ ಡಿಸ್ಕ್ ಇಮೇಜ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟುಬಿಡುವುದು.

"ಇಮೇಜ್ ಅಂದ್ರೆ ಫೋಟೋನಾ?"

"ಫೋಟೋ ಅಲ್ಲ ಕಣೇ. ಇಡೀ ಡಿಸ್ಕೇ ಒಂದು ಫೈಲ್ ಆಗುತ್ತೆ. ಅದನ್ನ ಒತ್ತಿದ್ರೆ ಸಾಕು, ನಿಜವಾದ ಡಿಸ್ಕೇ ಹಾಕಿದಾರೆ ಅಂತ ಕಂಪ್ಯೂಟರ್ ನಂಬುತ್ತೆ."

"ಪಾಪ, ಅದಾದ್ರೂ ನಿಮ್ಮನ್ನ ನಂಬಲಿ."

(ನಾನು ದಾಖಲೆ ಕಚೇರಿಯ ಗುಮಾಸ್ತ. ನಕಲುಗಳ ಮೇಲೆ 'ಮೂಲದೊಂದಿಗೆ ತಾಳೆ ನೋಡಲಾಗಿದೆ' ಎಂದು ದಿನಕ್ಕೆ ಇನ್ನೂರು ಮೊಹರು ಒತ್ತುವ ಕೈ ಇದು. ನನಗೆ ನಕಲು ಮಾಡಲು ಬರುವುದಿಲ್ಲವೇ?)

ಮೂರು ಭಾನುವಾರ ದುಡಿದೆ. ಡಬ್ಬಿ ತೆರೆ, ಡಿಸ್ಕ್ ತುರುಕು, ಡಬ್ಬಿಯ ಮೇಲಿನ ಹೆಸರನ್ನೇ ಫೈಲಿಗೆ ಕೊಡು, ಮುಂದಿನದು. ಒಂದನ್ನಾದರೂ ತೆರೆದು ನೋಡಿದೆನೇ? ಇಲ್ಲ. ಹಳೆಯ ಪ್ರಿಂಟರಿನ ಡಬ್ಬಿಯನ್ನು ಮಾತ್ರ, ಯಂತ್ರವೇ ಕೆಟ್ಟುಹೋಗಿದೆಯಲ್ಲ ಎಂದು ನಕಲು ಮಾಡದೆ ಬಿಟ್ಟೆ. ಆಮೇಲೆ ಡಬ್ಬಿಗಳು ಗುಜರಿಗೆ ಹೋದವು. ಡಿಸ್ಕುಗಳು ಪಾರಿವಾಳಗಳನ್ನು ಬೆದರಿಸಲು ದಾರ ಕಟ್ಟಿಸಿಕೊಂಡು ಬಾಲ್ಕನಿಯಲ್ಲಿ ನೇತಾಡಿದವು.

ಹತ್ತು ದಿನದ ಮೇಲೆ ಅತ್ತೆ ಬಂದರು. ಮಾವ ತೀರಿಕೊಂಡು ಆಗ ಒಂದು ವರ್ಷ. ಊಟವಾದ ಮೇಲೆ ಅವರು ಸಂಕೋಚಪಡುತ್ತಲೇ ಕೇಳಿದರು. "ಅಳಿಯಂದಿರೇ, ನಿಮ್ಮ ಮದುವೆ ವಿಡಿಯೋದಲ್ಲಿ ಇವರು ಮಾತಾಡಿದ್ದಾರಲ್ಲ. ಒಂದ್ಸಲ ದನಿ ಕೇಳ್ಬೇಕು ಅನ್ಸಿದೆ."

"ಒಂದೇ ಕ್ಷಣ ಅತ್ತೆ" ಎಂದು ಠೀವಿಯಿಂದ 'ಮದುವೆ' ಎಂಬ ಫೈಲನ್ನು ಒತ್ತಿದೆ. 'ನಿಮ್ಮ ಹೊಸ ಪ್ರಿಂಟರಿಗೆ ಸ್ವಾಗತ' ಎಂದಿತು ಪರದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಇದರಲ್ಲಿ ಇವರು ಯಾವಾಗ ಬರ್ತಾರೆ?"

ಹಿಂದೆ ಯಾವಾಗಲೋ ನಮ್ಮಿಬ್ಬರಲ್ಲೊಬ್ಬರು ಎರಡು ಡಿಸ್ಕುಗಳನ್ನು ಅದಲುಬದಲು ಇಟ್ಟಿದ್ದರು. ನಾನು ನಕಲು ಮಾಡದೆ ಬಿಟ್ಟ ಪ್ರಿಂಟರಿನ ಡಬ್ಬಿಯಲ್ಲೇ ಮದುವೆ ಇತ್ತು. (ಯಾರು ಎಂಬ ವಿಚಾರಣೆ ಇನ್ನೂ ಮುಗಿದಿಲ್ಲ.)

"ತೆಗೆದು ನೋಡ್ಲಿಲ್ವಾ?" ಎಂದಳು ಹೆಂಡತಿ.

"ಡಬ್ಬಿ ಮೇಲೆ ಬರೆದಿತ್ತಲ್ಲ!"

"ಆಫೀಸಲ್ಲಿ ಮೊಹರು ಒತ್ತೋದೂ ಹೀಗೇನಾ?"

ಅತ್ತೆ ಮಾತ್ರ ಕರವಸ್ತ್ರ ಮಡಚುತ್ತ ಕುಳಿತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂವರೂ ಬಾಲ್ಕನಿಗೆ ಧಾವಿಸಿ ದಾರ ಬಿಚ್ಚಿದೆವು. ಡಿಸ್ಕುಗಳ ಮೇಲಿನ ಬರಹ ಬಿಸಿಲಿಗೆ ಮಾಸಿತ್ತು. ಪಾರಿವಾಳಗಳು ಚೂರೂ ಹೆದರಿರಲಿಲ್ಲ ಎಂಬುದಕ್ಕೆ ಮಾತ್ರ ಡಿಸ್ಕುಗಳ ಮೇಲೆ ಬೇಕಾದಷ್ಟು ಪುರಾವೆ ಇತ್ತು. ಹೆಂಡತಿ ಒಂದೊಂದನ್ನೂ ಸೋಪುನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಕೊಟ್ಟಳು. ನಾನು ಹಾಕಿ ಹಾಕಿ ತೆಗೆದೆ. ಹತ್ತೊಂಬತ್ತನೆಯದರಲ್ಲಿ ನಮ್ಮ ಮದುವೆ ಕಾಣಿಸಿತು. ನನಗೆ ಮದುವೆಯ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

"ಮೊದಲು ನಕಲು. ಮೂರು ಕಡೆ ಇಡಿ. ಆಮೇಲೆ ನೋಡೋದು" ಎಂದು ಹೆಂಡತಿಯ ಅಪ್ಪಣೆಯಾಯಿತು. ಡ್ರೈವ್ ಮುಕ್ಕಾಲು ಗಂಟೆ ಕರಕರ ಎಂದಿತು. ಅತ್ತೆ ಕದಲಲಿಲ್ಲ. ಕೊನೆಗೂ ಪೂರ್ತಿ ಬಂತು.

ಪರದೆಯ ಮೇಲೆ ಮಾವ ಹೊಸ ಅಂಗಿ ತೊಟ್ಟು ನಿಂತಿದ್ದರು. ಕ್ಯಾಮೆರಾದವನು ಕೇಳಿದ: "ಅಳಿಯ ಹೇಗೆ ಸಾರ್?"

ಮಾವ ಸುತ್ತ ನೋಡಿ ದನಿ ತಗ್ಗಿಸಿದರು. "ಹುಡುಗ ಅಪ್ಪಟ ಚಿನ್ನ. ಆದ್ರೆ ಭಾರೀ ಆತುರ. ಬೆಳಿಗ್ಗೆಯಿಂದ ಎರಡು ಸಲ ಖಾಲಿ ಲೋಟ ಎತ್ತಿ ಗಟಗಟ ಕುಡಿದ! ಇರ್ಲಿ ಬಿಡಿ, ನನ್ನ ಮಗಳು ತಿದ್ಕೋತಾಳೆ."

ಅತ್ತೆ ಅತ್ತರು. ಅಳುತ್ತಲೇ ನಕ್ಕರು. ಹೆಂಡತಿ ಕಣ್ಣೊರೆಸಿಕೊಂಡು, "ಅಪ್ಪ ಏನು ಸರಿಯಾಗಿ ಹೇಳಿದ್ರು! ಇನ್ನೊಂದ್ಸಲ ಹಾಕ್ರೀ" ಎಂದಳು.

ಹಾಕಿದೆ. ಸಂಜೆಯೊಳಗೆ ಏಳು ಸಲ ಹಾಕಿದೆ. ಎರಡು ಸಲ ಪಕ್ಕದ ಮನೆಯವರಿಗೋಸ್ಕರ. ಹೊರಡುವಾಗ ಅತ್ತೆ ಒಂದು ಪ್ರತಿಯನ್ನು ಕೇಳಿ ಪಡೆದರು. ಉಳಿದ ಅಳಿಯಂದಿರಿಗೂ ತೋರಿಸಬೇಕಂತೆ.