ಗುಂಪಿಗೆ ಸೇರದ್ದು ಯಾವುದು?

ದೇವರು ನನ್ನನ್ನು ಬೇಕಾದಷ್ಟು ಸಲ ಪರೀಕ್ಷೆ ಮಾಡಿದ್ದಾನೆ. ಆದರೆ ಒಂದು ಪ್ರಶ್ನೆ ಕೇಳಿ, ಕೆಳಗೆ ನಾಲ್ಕು ಉತ್ತರ ಬರೆದು, ‘ಸರಿಯಾದದ್ದರ ಮುಂದಿನ ಸೊನ್ನೆಗೆ ಮಸಿ ತುಂಬು ಮಗಳೇ’ ಎಂದು ಯಾವತ್ತೂ ಹೇಳಿಲ್ಲ. ಹೇಳಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಗ್ಯಾಸ್ ಮುಗಿದ ದಿನವೇ ನೆಂಟರು ಬಂದಾಗ, ಹಾಲು ಒಡೆದ ಬೆಳಿಗ್ಗೆಯೇ ಅತ್ತೆಗೆ ಕಾಫಿ ತಡವಾದಾಗ, ಅ, ಆ, ಇ, ಈ ಎಂದು ನಾಲ್ಕು ದಾರಿ ಕಣ್ಣ ಮುಂದಿದ್ದರೆ ಯಾವುದೋ ಒಂದಕ್ಕೆ ಮಸಿ ಬಳಿದು ಹಾಯಾಗಿರಬಹುದಿತ್ತು. ದೇವರ ಪ್ರಶ್ನೆಪತ್ರಿಕೆಯಲ್ಲಿ ಎಲ್ಲವೂ ವಿವರಿಸಿ ಬರೆಯಿರಿ ಎನ್ನುವಂಥವೇ. ಆದರೂ ನಂಜುಂಡೇಶ್ವರನ ದಯೆ, ಇಲ್ಲಿಯವರೆಗೆ ಹೇಗೋ ಪಾಸಾಗಿಕೊಂಡು ಬಂದಿದ್ದೇನೆ. ಯಜಮಾನರಿಗೆ ತಾಂಡ್ಯದ ಕಾರ್ಖಾನೆಯಲ್ಲಿ ಕಾಯಂ ಕೆಲಸವಿದೆ. ಅತ್ತೆಯ ಮಂಡಿ ನೋವು ನಾಲಿಗೆಯವರೆಗೆ ಏರಿಲ್ಲ. ನಲ್ಲಿಯಲ್ಲಿ ನೀರು ನಾನು ಎದ್ದ ಮೇಲೆಯೇ ಬರುತ್ತದೆ. ಇಷ್ಟಾದರೆ ಸಾಲದೇ?

ಸರ್ಕಾರದ ಪರೀಕ್ಷೆ ಮಾತ್ರ ನಾಲ್ಕು ಉತ್ತರದ್ದೇ. ನಮ್ಮ ಒಬ್ಬಳೇ ಮಗಳು ಗೌರಿ ಐದನೇ ತರಗತಿಯಲ್ಲಿದ್ದಾಗ ಅದು ನಮ್ಮ ಮನೆಗೂ ಬಂತು. ವಸತಿ ಶಾಲೆಯ ಆರನೇ ತರಗತಿಗೆ ಸೇರಬೇಕಾದರೆ ಒಂದು ಪ್ರವೇಶ ಪರೀಕ್ಷೆ ಬರೆಯಬೇಕು. ಯಾವ ಊರಿನ ಮಗುವಾದರೂ ಅದೇ ದಿನ, ಅದೇ ಪ್ರಶ್ನೆ. ಉತ್ತರದ ಹಾಳೆಯನ್ನು ನೋಡುವುದು ಮೇಷ್ಟ್ರಲ್ಲ, ಯಂತ್ರ. ಗೌರಿಗೆ ಆ ಶಾಲೆಗೆ ಹೋಗಲೇಬೇಕು ಎನ್ನುವ ಹಟ. ಕಾರಣ ವಿದ್ಯೆಯಲ್ಲ; ಅಲ್ಲಿ ಮಕ್ಕಳು ಮಲಗುವುದಕ್ಕೆ ಒಂದರ ಮೇಲೊಂದು ಮಂಚವಿದೆಯಂತೆ, ಏಣಿ ಹತ್ತಿ ಮೇಲಿನದಕ್ಕೆ ಹೋಗಬೇಕಂತೆ. “ಅಮ್ಮ, ನಂಗೆ ಮೇಲಿಂದೇ ಬೇಕು” ಎಂದು ಪರೀಕ್ಷೆಗೆ ಅರ್ಜಿ ಹಾಕುವ ಮೊದಲೇ ಮಂಚ ಹಿಡಿದಿಟ್ಟುಕೊಂಡಿದ್ದಳು. ನನಗೋ, ಅವಳು ಪಕ್ಕದ ಬೀದಿಯ ಗೆಳತಿಯ ಮನೆಯಲ್ಲಿ ಮಧ್ಯಾಹ್ನ ಉಳಿದರೇ ಊಟ ಇಳಿಯುವುದಿಲ್ಲ. ಹಾಗೆಂದು ಬೇಡ ಅನ್ನಲು ಬಾಯಿಯೂ ಬರಲಿಲ್ಲ. ಓದುವ ಮಗುವಿನ ಕಾಲಿಗೆ ಅಡ್ಡ ಬರುವ ತಾಯಿ ಎನ್ನಿಸಿಕೊಳ್ಳಲು ಯಾರಿಗೆ ಇಷ್ಟ?

ಅವಳ ಶಾಲೆಯ ಮೇಷ್ಟ್ರು ಮಾದರಿ ಪ್ರಶ್ನೆಪತ್ರಿಕೆಗಳನ್ನು ಕೊಟ್ಟು, “ಮನೇಲಿ ಬರೆಸಿ ತಾಯಿ. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ, ಯಾವುದನ್ನೂ ಖಾಲಿ ಬಿಡಬಾರದು ಅಂತ ಹೇಳಿ” ಎಂದು ಕಳಿಸಿದರು. ಕುಕ್ಕರ್ ಒಂದು ಕಡೆ, ಪ್ರಶ್ನೆಪತ್ರಿಕೆ ಒಂದು ಕಡೆ ಇಟ್ಟುಕೊಂಡು ನಾನು ಅಡುಗೆಮನೆಯ ಬಾಗಿಲಲ್ಲೇ ಶಾಲೆ ತೆರೆದೆ. ಮೊದಲನೇ ಪ್ರಶ್ನೆ: ಗುಂಪಿಗೆ ಸೇರದ್ದು ಯಾವುದು? ಹಸು, ಎಮ್ಮೆ, ಮೇಕೆ, ಕೋಳಿ.

ಗೌರಿ ಒಂದು ಕ್ಷಣವೂ ಯೋಚಿಸದೆ, “ಹಸು” ಎಂದಳು.

“ಯಾಕಮ್ಮ?”

“ನಾವು ಪೂಜೆ ಮಾಡೋದು ಹಸುಗೆ ತಾನೆ? ಎಮ್ಮೆಗೆ ಮಾಡ್ತೀವಾ, ಕೋಳಿಗೆ ಮಾಡ್ತೀವಾ?”

ನನಗೆ ಕಣ್ಣು ತುಂಬಿ ಬಂತು. ಎಂಥ ಸಂಸ್ಕಾರ! ನಾನು ‘ಸರಿ’ ಎಂದು ದೊಡ್ಡದಾಗಿ ಗುರುತು ಹಾಕಿದೆ. ಒಳಗೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯೂ ಕೇಳಿಸಿಕೊಂಡು, “ನಮ್ ಕೂಸು ಅಂದ್ರೆ ಕೂಸು ಕಣವ್ವ. ಅಸೂನ ಕೋಳಿ ಜೊತೆ ಕೂರ್ಸಿರೋ ಆ ಪೇಪರ್ನೋನಿಗೆ ಬುದ್ಧಿ ಇಲ್ಲ” ಎಂದು ಮೇಲಿನ ನ್ಯಾಯಾಲಯದ ತೀರ್ಪನ್ನೂ ಕೊಟ್ಟರು. ಸಂಜೆ ಕೆಲಸದಿಂದ ಬಂದ ಯಜಮಾನರು ಹಿಂದಿನ ಪುಟದ ಉತ್ತರಗಳನ್ನು ತಾಳೆ ನೋಡಿ ಹೌಹಾರಿದರು.

“ಲೇ ಮಂಗಳಾ, ಉತ್ತರ ಕೋಳಿ ಕಣೇ! ನಾಲ್ಕು ಕಾಲಿಂದು ಮೂರು, ಎರಡು ಕಾಲಿಂದು ಒಂದು. ಇದ್ನೂ ನಾನೇ ಹೇಳ್ಬೇಕಾ?”

“ಕಾಲು ಎಣಿಸೋಕೆ ಇಸ್ಕೂಲು ಯಾಕ್ಲಾ ಬೇಕು?” ಎಂದು ಅತ್ತೆ ಮಗನನ್ನೇ ಗದರಿದರು. “ಮೂರು ಜನ ಒಂದು ಮಾತು ಯೋಳ್ತಾವ್ರೆ, ನೀನೊಬ್ಬ ಬ್ಯಾರೆ ಯೋಳ್ತಿದೀಯ. ಈ ಮನೇಲಿ ಗುಂಪಿಗೆ ಸೇರದೋನು ನೀನೇಯ!”

ಅವತ್ತಿನಿಂದ ಆ ಮಾತು ನಮ್ಮ ಮನೆಯಲ್ಲಿ ನಿಂತುಬಿಟ್ಟಿತು. ಉಪ್ಪು ಹೆಚ್ಚಾದ ಪಲ್ಯ, ಒಂಟಿಯಾಗಿ ಉಳಿದ ಕಾಲುಚೀಲ, ಅಡುಗೆಯನ್ನು ಕೊಂಡಾಡಿಯೂ ಊಟಕ್ಕೆ ನಿಲ್ಲದೆ ಹೋದ ನೆಂಟರು, ಎಲ್ಲವೂ ಗುಂಪಿಗೆ ಸೇರದವೇ.

ಹಾಗೆ ನೋಡಿದರೆ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಎನ್ನುವುದು ನನಗೆ ಹೊಸದೇನಲ್ಲ. ಹೆಣ್ಣು ನೋಡಲು ಬರುವವರು ಹಿಡಿದುಕೊಂಡು ಬರುತ್ತಿದ್ದದ್ದೂ ಅದೇ ತಾನೇ? ಹಾಡು ಬರುತ್ತಾ, ರಂಗೋಲಿ ಬರುತ್ತಾ, ಎಷ್ಟು ಓದಿದ್ದೀಯಮ್ಮ. ನನ್ನ ಅಕ್ಕನನ್ನು ಕೇಳಿದ್ದನ್ನೇ ನನ್ನನ್ನೂ ಕೇಳುತ್ತಾರೆಂದು ಗೊತ್ತಿದ್ದರಿಂದ ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಆದರೆ ಈ ಅತ್ತೆ ಪಠ್ಯದಲ್ಲಿ ಇಲ್ಲದ್ದನ್ನು ಕೇಳಿಬಿಟ್ಟರು. “ರಾತ್ರಿ ಅನ್ನ ಮಿಕ್ಕಿದ್ರೆ ಏನ್ ಮಾಡ್ತೀಯವ್ವ?” ನಾನು ಗಾಬರಿಯಲ್ಲಿ, “ಮಿಗೋದೇ ಇಲ್ಲ ಅತ್ತೆ, ನಮ್ಮನೇಲಿ ಎಲ್ರೂ ಚೆನ್ನಾಗಿ ತಿಂತೀವಿ” ಎಂದೆ. ಅತ್ತೆ ನಕ್ಕರು, ನಾನು ಪಾಸಾದೆ. ಅದು ಕೃಪಾಂಕ ಎಂದು ಅವರು ಈಗಲೂ ಹೇಳುವುದುಂಟು. ಯಂತ್ರ ಕೂತು ನೋಡಿದ್ದರೆ ನಾನು ಈ ಮನೆ ಸೇರುತ್ತಿರಲಿಲ್ಲ.

ಅನ್ನದ ಮಾತು ಬಂದದ್ದಕ್ಕೆ ಇನ್ನೊಂದು ಹೇಳುತ್ತೇನೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎನ್ನುತ್ತಾರೆ. ನಿಜ. ಆದರೆ ಅದು ಒಂದೇ ಪಾತ್ರೆಯ ಮಾತು. ಅಕ್ಕಿ ಒಂದೇ, ನೀರು ಒಂದೇ, ಉರಿ ಒಂದೇ. ಊರೂರಿನ ಮಕ್ಕಳು ಒಂದು ಪಾತ್ರೆಯಲ್ಲಿ ಬೆಂದವರೇ? ಒಬ್ಬಳು ಹೊಲದಿಂದ ಬಂದು ಓದುತ್ತಾಳೆ, ಒಬ್ಬಳು ಟ್ಯೂಷನ್‌ನಿಂದ ಬಂದು ಓದುತ್ತಾಳೆ, ನಮ್ಮವಳು ಹಸುವಿಗೆ ಕೈಮುಗಿದು ಬಂದು ಓದುತ್ತಾಳೆ. ಹಾಗೆಂದು ಹಿಚುಕಿ ನೋಡುವುದೇ ಬೇಡ ಎಂದರೆ ಬೆಂದದ್ದು ತಿಳಿಯುವುದು ಹೇಗೆ? ತಿಳಿದವರು ಯೋಚಿಸಲಿ, ನಾನು ಕುಕ್ಕರ್ ಸೀಟಿ ನಂಬಿದವಳು.

ಇನ್ನು ಸೊನ್ನೆ ತುಂಬುವ ಕೆಲಸ. ಅದರಲ್ಲಾದರೂ ಮಗಳಿಗೆ ಸಹಾಯವಾಗಲಿ ಎಂದು, “ರಂಗೋಲಿಗೆ ಬಣ್ಣ ತುಂಬೋ ಹಾಗೆ ಕಣಮ್ಮ. ಗೆರೆ ದಾಟಬಾರದು, ಒಳಗೆ ಬಿಳಿ ಕಾಣಬಾರದು” ಎಂದು ಹೇಳಿಕೊಟ್ಟೆ. ಗೌರಿ ಅಚ್ಚುಕಟ್ಟಾಗಿ ಕಲಿತಳು. ಎಷ್ಟು ಅಚ್ಚುಕಟ್ಟೆಂದರೆ, ನಾಲಿಗೆ ಹೊರಗೆ ಚಾಚಿ, ಸುತ್ತ ಅಂಚು ಕಟ್ಟಿ, ಒಂದೊಂದನ್ನೂ ದೇವರಿಗೆ ಬೊಟ್ಟಿಡುವಷ್ಟು ಭಕ್ತಿಯಿಂದ ತುಂಬುತ್ತಿದ್ದಳು. ಗಡಿಯಾರ ಹಿಡಿದು ಕೂತ ಯಜಮಾನರು, “ಹೀಗಾದ್ರೆ ಇವ್ಳು ಮುಗಿಸೋ ಹೊತ್ತಿಗೆ ಏಳನೇ ಕ್ಲಾಸಿಗೇ ಸೇರಿಸ್ಬೇಕಾಗುತ್ತೆ” ಎಂದು ತಲೆ ಚಚ್ಚಿಕೊಂಡರು. ನಾನು ಕಲಿಸಿದ್ದನ್ನು ಮರೆಸುವುದಕ್ಕೆ ಅವರಿಗೆ ಒಂದು ವಾರ ಹಿಡಿಯಿತು.

ಪರೀಕ್ಷೆ ಹತ್ತಿರ ಬಂದಾಗ ದೇವಸ್ಥಾನಕ್ಕೆ ಹೋದೆ. ನಂಜುಂಡೇಶ್ವರನ ಮುಂದೆ ಕಣ್ಣು ಮುಚ್ಚಿ ನಿಂತರೆ, ಕೇಳಿಕೊಳ್ಳಬೇಕಾದದ್ದೇ ಎರಡು ಹೋಳಾಯಿತು. “ಮಗಳು ಚೆನ್ನಾಗಿ ಬರೀಲಿ ಸ್ವಾಮಿ” ಎಂದೆ. ಅದರ ಹಿಂದೆಯೇ, ಗರ್ಭಗುಡಿಗೆ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, “ಆದ್ರೆ ಅವಳು ಮನೆ ಬಿಟ್ಟು ಹೋಗೋ ಹಾಗೆ ಆಗದಿರಲಿ” ಎಂದೆ. ಒಂದೇ ಅರ್ಜಿಯಲ್ಲಿ ಎರಡು ಬೇಡಿಕೆ, ಒಂದಕ್ಕೊಂದು ವಿರುದ್ಧ. ಪಾಪ, ಆ ಸ್ವಾಮಿ ವಿಷ ಕುಡಿದದ್ದು ಸಾಲದೆಂದು ಇದೂ ಒಂದು. ಪಕ್ಕದಲ್ಲಿದ್ದ ಅತ್ತೆ, “ಏನವ್ವ ಅಷ್ಟೊತ್ತು? ಇಂದ್ಗಡೆ ಜನ ನಿಂತವ್ರೆ” ಎಂದು ತಿವಿದರು.

ಪ್ರವೇಶ ಪತ್ರ ಬಂತು. ಕೇಂದ್ರ ತಿ. ನರಸೀಪುರ. ನಮ್ಮ ಮನೆಗೆ ಹೊಸದು ಏನು ಬಂದರೂ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ನಡುವೆ ಒಂದು ಕುಂಕುಮದ ಬೊಟ್ಟಿಟ್ಟು, ದೇವರ ಮುಂದೆ ಇಟ್ಟು ಆಮೇಲೆ ಬಳಸುವುದು ಪದ್ಧತಿ. ಸೀರೆಯಾದರೂ ಅಷ್ಟೇ, ಮಿಕ್ಸಿಯಾದರೂ ಅಷ್ಟೇ. ಪ್ರವೇಶ ಪತ್ರಕ್ಕೂ ಅರಿಶಿನ ಕಲಸಿ ಹಚ್ಚಿದೆ. ಬೊಟ್ಟು ಎಲ್ಲಿಡಲಿ ಎಂದು ನೋಡುವಾಗ ಫೋಟೋದಲ್ಲಿ ಗೌರಿಯ ಹಣೆ ಬೋಳಾಗಿತ್ತು. ಹೆಣ್ಣುಮಗು ಬರಿ ಹಣೆಯಲ್ಲಿ ಪರೀಕ್ಷೆಗೆ ಹೋಗುವುದೇ? ಉಂಗುರದ ಬೆರಳಲ್ಲಿ ಪುಟ್ಟದಾಗಿ ಅಲ್ಲಿಗೇ ಇಟ್ಟೆ. ಕುಂಕುಮ ತೇವವಾಗಿತ್ತು, ಸೈಬರ್ ಅಂಗಡಿಯ ಮಸಿಯೂ ಕಚ್ಚಾ. ಎರಡೂ ಕೂಡಿ ಹರಡಿಕೊಂಡು ನನ್ನ ಮಗಳ ಮುಖ ಸಿಂಧೂರ ಬಳಿದ ಆಂಜನೇಯನಂತಾಯಿತು. ಮೂಲೆಯ ಅರಿಶಿನ ನೋಂದಣಿ ಸಂಖ್ಯೆಯ ಬಾಲವನ್ನೂ ನುಂಗಿತ್ತು. ಒಣಗಿದ ಮೇಲೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು, ಯಜಮಾನರ ಕಣ್ಣಿಗೆ ಬೀಳದಂತೆ ಚೀಲಕ್ಕೆ ಸೇರಿಸಿದೆ.

ಪರೀಕ್ಷೆಯ ದಿನ ಅವರಿಗೆ ರಜೆ ಸಿಗಲಿಲ್ಲ. ಅಲ್ಲಿನ ಹೊಳೆ ಸಂಗಮದಲ್ಲಿ ಕಾಲು ತೊಳೆದ ಹಾಗೂ ಆಯಿತು ಎಂದು ಅತ್ತೆ ನಮ್ಮ ಜೊತೆ ಹೊರಟರು. ಬಸ್ಸಿನಲ್ಲಿ ಮೂವರಿಗೂ ಸೀಟು ಸಿಕ್ಕಿತು. ಅದೂ ಆತನ ದಯೆಯೇ. ಶಾಲೆಯ ಗೇಟಿನ ಬಳಿ ಕನ್ನಡಕದ ಮೇಷ್ಟ್ರೊಬ್ಬರು ಎಲ್ಲರ ಪತ್ರ ನೋಡಿ ಒಳಗೆ ಬಿಡುತ್ತಿದ್ದರು. ನಮ್ಮದನ್ನು ಹಿಡಿದವರು ಒಮ್ಮೆ ಹತ್ತಿರ, ಒಮ್ಮೆ ದೂರ ಇಟ್ಟು ನೋಡಿದರು.

“ಏನಮ್ಮ ಇದು? ಪ್ರವೇಶ ಪತ್ರ ಕೇಳಿದ್ರೆ ಲಗ್ನಪತ್ರಿಕೆ ಕೊಡ್ತಿದ್ದೀರಲ್ಲ!”

ಹಿಂದಿದ್ದವರೆಲ್ಲ ನಕ್ಕರು. ಗೌರಿ ನನ್ನ ಸೆರಗು ಹಿಡಿದುಕೊಂಡಳು.

“ನಂಬರ್ ಕಾಣಲ್ಲ, ಮುಖ ಕಾಣಲ್ಲ. ಇದನ್ನ ನೋಡಿ ನಾನು ಹೇಗಮ್ಮ ಒಳಗೆ ಬಿಡ್ಲಿ?”

“ಮುಖ ಯಾಕೆ ಕಾಣಕಿಲ್ಲ ಸಾ? ಮಗು ನಿಮ್ ಮುಂದ್ಲೇ ನಿಂತದಲ್ಲ!” ಎಂದು ಅತ್ತೆ ಮುಂದೆ ಬಂದರು.

“ಅಜ್ಜಿ, ಮುಂದೆ ನಿಂತಿರೋದು ಇವಳೇನಾ ಅಂತ ನಾನು ಪೇಪರ್ ನೋಡಿ ತಿಳ್ಕೋಬೇಕು.”

“ಅಯ್ಯೋ ಶಿವನೇ! ಮಗೂನ ನೋಡಿ ಪೇಪರ್ ಸರಿ ಅದಾ ಅಂತ ತಿಳ್ಕೊಳೋ ಕಾಲ ಓಯ್ತಾ ಆಗಾದ್ರೆ?”

ಒಳಗೆ ಗಂಟೆ ಹೊಡೆಯಿತು. ಮೇಷ್ಟ್ರು ಪತ್ರವನ್ನು ನನ್ನ ಕಡೆಗೆ ಚಾಚಿ, “ಪಕ್ಕಕ್ಕೆ ನಿಲ್ಲಿ, ಮೇಲಿನೋರನ್ನ ಕೇಳ್ಬೇಕು. ಬಿಡ್ತಾರೋ ಇಲ್ವೋ ಗೊತ್ತಿಲ್ಲ” ಎಂದರು. ಆಗ ನನಗೆ ಥಟ್ಟನೆ ಹೊಳೆಯಿತು. ನಾನು ಮೆಲ್ಲಗೆ ಕೇಳಿಕೊಂಡದ್ದು ಗರ್ಭಗುಡಿಗೆ ಕೇಳಿಸಿದೆ! ಈಗ ನಾನು ಏನೂ ಮಾಡಬೇಕಾಗಿಲ್ಲ. ಪಕ್ಕಕ್ಕೆ ನಿಂತರೆ ಸಾಕು. ಮಗಳು ಮನೆಯಲ್ಲೇ ಇರುತ್ತಾಳೆ, ತಪ್ಪು ಅರಿಶಿನದ್ದಾಗುತ್ತದೆ. ನಾಲ್ಕು ಉತ್ತರವೂ ಅಲ್ಲ, ಎರಡೇ. ಕೆಳಗೆ ನೋಡಿದೆ. ಗೌರಿ ಅಳುತ್ತಿರಲಿಲ್ಲ. ತುಟಿ ಕಚ್ಚಿಕೊಂಡು ಗೇಟಿನಾಚೆ ನೋಡುತ್ತಿದ್ದಳು, ಅಲ್ಲೇ ಎಲ್ಲೋ ಅವಳ ಮೇಲಿನ ಮಂಚ ಕಾಣುತ್ತಿದೆಯೋ ಎನ್ನುವಂತೆ.

ನಾನು ಪಕ್ಕಕ್ಕೆ ನಿಲ್ಲಲಿಲ್ಲ. ಎರಡೂ ಕೈ ಮುಗಿದೆ. “ಸಾರ್, ತಪ್ಪು ನಂದು, ಮಗೂದಲ್ಲ. ಆಧಾರ್ ಕಾರ್ಡ್ ತಂದಿದ್ದೀನಿ, ಅದರಲ್ಲಿ ಮುಖ ನೋಡಿ. ಹೆಸರು ನಿಮ್ಮ ಪಟ್ಟೀಲಿ ಇರುತ್ತೆ, ನೋಡಿ. ದಯವಿಟ್ಟು ಬಿಡಿ ಸಾರ್, ಅವಳು ತುಂಬ ಆಸೆ ಇಟ್ಕೊಂಡಿದ್ದಾಳೆ.” ಇಷ್ಟು ಮಾತು ನನ್ನ ಬಾಯಿಂದ ಬಂದದ್ದು ನೋಡಿ ನನಗೇ ಆಶ್ಚರ್ಯವಾಯಿತು. ನಂಜುಂಡೇಶ್ವರನ ಮುಂದೆಯೂ ನಾನು ಅಷ್ಟು ಗಟ್ಟಿಯಾಗಿ ಬೇಡಿಕೊಂಡಿರಲಿಲ್ಲ.

ಗೌರಿಯೂ ಧೈರ್ಯ ಮಾಡಿ, “ಸಾರ್, ಅಮ್ಮ ಹೊಸದೆಲ್ಲಕ್ಕೂ ಹಚ್ತಾರೆ. ನಮ್ಮನೆ ಫ್ರಿಡ್ಜ್‌ಗೂ ಹಚ್ಚಿದ್ದಾರೆ” ಎಂದು ಸಾಕ್ಷಿ ನುಡಿದಳು.

ಮೇಷ್ಟ್ರ ಮುಖದಲ್ಲಿ ಮೊದಲ ಸಲ ನಗು ಕಂಡಿತು. “ನಮ್ಮನೇಲೂ ಅಷ್ಟೇ ಕಣಮ್ಮ. ಸ್ಕೂಟರ್ ನಂಬರ್ ಪ್ಲೇಟ್‌ಗೆ ಹಚ್ಚಿ ಕಳಿಸಿದ್ಲು ನಮ್ಮ ಮನೆಯೋಳು, ಪೊಲೀಸರ ಕೈಲಿ ಸಿಕ್ಕಾಕಿಕೊಂಡೆ” ಎನ್ನುತ್ತಾ ಒಳಗೆ ಹೋಗಿ ಮೇಲಿನವರನ್ನು ಕೇಳಿ ಬಂದರು. ಆಧಾರ್ ನೋಡಿದರು, ಪಟ್ಟಿಯಲ್ಲಿ ಹೆಸರು ನೋಡಿದರು, “ಓಡು ಮಗು” ಎಂದರು. ಗೌರಿ ಹಿಂತಿರುಗಿಯೂ ನೋಡದೆ ಓಡಿದಳು.

ಪರೀಕ್ಷೆ ಮುಗಿಸಿ ಬಂದವಳ ಮುಖ ಅರಳಿತ್ತು. “ಅಮ್ಮ, ಗುಂಪಿಗೆ ಸೇರದ್ದು ಬಂದಿತ್ತು. ತುಳಸಿ, ತೆಂಗು, ಮಾವು, ಹಲಸು. ನಾನು ತುಳಸಿ ಅಂತ ತುಂಬಿದೆ. ನಾವು ದಿನಾ ಪೂಜೆ ಮಾಡೋದು ತುಳಸಿಗೆ ತಾನೇ?”

ಮಾರನೆಯ ದಿನ ಅವಳ ಮೇಷ್ಟ್ರು, ಉತ್ತರ ತುಳಸಿಯೇ, ಏಕೆಂದರೆ ಅದು ಗಿಡ, ಮಿಕ್ಕವು ಮರ ಎಂದರಂತೆ. ಯಂತ್ರ ಮಸಿಯನ್ನು ನೋಡುತ್ತದೆಯೇ ಹೊರತು ಏಕೆ ಎಂದು ಕೇಳುವುದಿಲ್ಲ. ಇದು ನ್ಯಾಯವೇ ಎಂದು ನಾನು ಅನುಮಾನಿಸುತ್ತಿದ್ದರೆ ಅತ್ತೆ, “ಯಾವ ಬಾಗ್ಲಿಂದ ಬಂದ್ರೇನವ್ವ, ಗುಡಿ ಒಳಕ್ಕೆ ಬಂತಲ್ಲ ಕೂಸು” ಎಂದು ಇತ್ಯರ್ಥ ಮಾಡಿದರು.

ಗುಡಿಯೊಳಕ್ಕೆ ಬಂದೇಬಿಟ್ಟಳು. ಸೀಟು ಸಿಕ್ಕಿತು. ಶಾಲೆ ಸೋಮನಾಥಪುರದ ಕಡೆ, ಬೆಳಿಗ್ಗೆ ಹೋಗಿ ನೋಡಿ ಸಂಜೆಗೆ ಹಿಂದಿರುಗುವಷ್ಟು ಹತ್ತಿರ. ನನ್ನ ಎರಡು ಬೇಡಿಕೆಯನ್ನೂ ಸ್ವಾಮಿ ಹೇಗೋ ಹೊಂದಿಸಿದ್ದಾನೆ. ಮಗಳನ್ನು ಕಳಿಸಿದ, ದೂರ ಕಳಿಸಲಿಲ್ಲ. ಹೊರಡುವ ದಿನ ಹೊಸ ಟ್ರಂಕಿಗೆ ಅರಿಶಿನ ತಂದರೆ ಗೌರಿ ಮುಚ್ಚಳದಲ್ಲಿ ಬರೆಸಿದ್ದ ತನ್ನ ಹೆಸರಿನ ಮೇಲೆ ಕೈಯಿಟ್ಟು, “ಅಮ್ಮ, ಹೆಸರು ಬಿಟ್ಟು ಹಚ್ಚು” ಎಂದಳು. ಮೇಲಿನ ಮಂಚ ಅವಳಿಗೇ ಸಿಕ್ಕಿದೆ. ಎರಡು ಸಲ ಬಿದ್ದಳಂತೆ, ಆದರೂ ಬಿಟ್ಟುಕೊಟ್ಟಿಲ್ಲ.

ಅವಳನ್ನು ಬಿಟ್ಟು ಬಂದ ಮರುದಿನ ಬೆಳಿಗ್ಗೆ ಉಪ್ಪಿಟ್ಟು ಮಾಡಿ ಅಭ್ಯಾಸಬಲದಿಂದ ನಾಲ್ಕು ತಟ್ಟೆಗೆ ಬಡಿಸಿದೆ. ಯಜಮಾನರು ನೋಡಿಯೂ ನೋಡದವರಂತೆ ಪೇಪರ್ ಮಡಿಸಿದರು. ಅತ್ತೆ ಮಾತ್ರ ತಟ್ಟೆಗಳ ಮೇಲೆ ಕಣ್ಣಾಡಿಸಿ, “ಗುಂಪಿಗೆ ಸೇರದ್ದು ಯಾವ್ದು ಯೋಳವ್ವ ಮಂಗಳಾ?” ಎಂದು ಮೆಲ್ಲಗೆ ಕೇಳಿದರು. ನನಗೆ ಉತ್ತರ ಗೊತ್ತಿತ್ತು, ತುಂಬುವ ಮನಸ್ಸಿರಲಿಲ್ಲ. ಆದರೆ ಯಾವುದನ್ನೂ ಖಾಲಿ ಬಿಡಬಾರದು ಎಂದು ಮೇಷ್ಟ್ರು ಹೇಳಿದ್ದಾರಲ್ಲ. ನನ್ನ ತಟ್ಟೆ ಮುಗಿಸಿ, ಗೌರಿಯ ತಟ್ಟೆಯನ್ನೂ ಹತ್ತಿರಕ್ಕೆ ಎಳೆದುಕೊಂಡು, ಮೇಲೆ ಒಂದು ಚಮಚ ತುಪ್ಪವನ್ನೂ ಹಾಕಿಕೊಂಡು ತಿಂದೆ. ಈಗಲೂ ಆಗಾಗ ನಾಲ್ಕು ತಟ್ಟೆ ಇಡುತ್ತೇನೆ. ನಾನು ಸ್ವಲ್ಪ ದಪ್ಪಗಾಗಿದ್ದೇನೆ ಎಂದು ಯಜಮಾನರು ಹೇಳುತ್ತಾರೆ. ಹೇಳಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಂತೆ.